ಹೈಡ್ರೋಫ್ಲೋರಿಕ್ ಆಮ್ಲ (ಎಚ್‌ಎಫ್) ಮುಟ್ಟದೆ ಗಾಜಿನೊಳಗೆ ಕೊಳವೆ ತೆಗೆದದ್ದು: ನನ್ನ ಅನುಭವ

ಫ್ಯೂಸ್ಡ್ ಸಿಲಿಕಾ (ಶುದ್ಧ ಸಿಲಿಕಾದ ಗಾಜು) ತಟ್ಟೆಯೊಳಗೆ ಲೇಸರ್‌ನಿಂದ ಗೆರೆ ಬರೆದು, ಆ ಗೆರೆಯನ್ನು ರಾಸಾಯನಿಕದಿಂದ ಕರಗಿಸಿ ಕೊಳವೆ ತೆಗೆಯುವುದು ನನ್ನ ಕೆಲಸ. ಹೀಗೆ ಹತ್ತು ಮಿಲಿಮೀಟರ್ ಉದ್ದದ, ಸುಮಾರು 50 ಮೈಕ್ರಾನ್ ಅಗಲದ ಕೊಳವೆಯನ್ನು ಬರೀ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ ತೆಗೆಯುತ್ತೇನೆ ಎಂದಾಗ ಜೊತೆಯವರು ನಕ್ಕಿದ್ದರು. ಈಗ ಅವರಲ್ಲೇ ಇಬ್ಬರು ತಮ್ಮ ತಟ್ಟೆಗಳನ್ನು ನನ್ನಿಂದ ಮಾಡಿಸಿಕೊಳ್ಳುತ್ತಾರೆ.

ಮೊದಲು ಎಲ್ಲರಂತೆ ನಾನೂ ಹೈಡ್ರೋಫ್ಲೋರಿಕ್ ಆಮ್ಲವನ್ನೇ ಬಳಸಿದೆ. ಅದು ಲೇಸರ್ ತಾಗದ ಗಾಜನ್ನೂ ತಿನ್ನುವುದರಿಂದ ಕೊಳವೆಯ ಬಾಯಿ ಕಹಳೆಯಂತೆ ಅಗಲವಾಗಿ, ನಡುಭಾಗ ಸಣಕಲಾಗಿ ಉಳಿಯುತ್ತಿತ್ತು. ಬಾಡಿಗೆ ಲೇಸರ್‌ಗೆ ಗಂಟೆಗೆ ಸುಮಾರು 3,000 ರೂಪಾಯಿ ತೆತ್ತು ಬರೆದ ತಟ್ಟೆಗಳು ಹೀಗೆ ಕಸದ ಬುಟ್ಟಿ ಸೇರಿದವು. ಆಮ್ಲದ ಸುರಕ್ಷತೆ ಮತ್ತು ವಿಲೇವಾರಿಯ ಖರ್ಚು ಬೇರೆ.

ದಾರಿ ತೆರೆದದ್ದು ಧ್ರುವೀಕರಣ, ಅಂದರೆ ಬೆಳಕಿನ ತರಂಗ ಕಂಪಿಸುವ ದಿಕ್ಕು. ಲೇಸರ್‌ನ ಸ್ಪಂದಗಳು (ಕ್ಷಣಮಾತ್ರದ ಬೆಳಕಿನ ಮಿಂಚುಗಳು) ಸಿಲಿಕಾದೊಳಗೆ ಮೂಡಿಸುವ ನ್ಯಾನೊಗ್ರೇಟಿಂಗ್ ಎಂಬ ಅತಿ ಸೂಕ್ಷ್ಮ ಸಮಾಂತರ ಪದರಗಳು ಧ್ರುವೀಕರಣಕ್ಕೆ ಲಂಬವಾಗಿರುತ್ತವೆ ಎಂಬುದನ್ನು ಶಿಮೊತ್ಸುಮಾ, ಕಜಾನ್‌ಸ್ಕಿ ಮೊದಲಾದ ವಿಜ್ಞಾನಿಗಳು 2003ರಲ್ಲೇ ತೋರಿಸಿದ್ದರು. ಹಾಫ್ ವೇವ್ ಪ್ಲೇಟ್ (ಈ ದಿಕ್ಕನ್ನು ಬದಲಿಸುವ ಬಿಲ್ಲೆ) ತಿರುಗಿಸಿ ಧ್ರುವೀಕರಣವನ್ನು ಬರೆಯುವ ದಿಕ್ಕಿಗೆ ಅಡ್ಡಲಾಗಿಟ್ಟರೆ ಪದರಗಳು ಕೊಳವೆಯ ಉದ್ದಕ್ಕೇ ಸಾಲುಗೊಂಡು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಒಳನುಗ್ಗುತ್ತದೆ. ದಿಕ್ಕಿಗೆ ಸಮಾಂತರವಾಗಿಟ್ಟರೆ ಅವೇ ಪದರಗಳು ಅಡ್ಡಗೋಡೆಗಳಾಗುತ್ತವೆ.

1030 ನ್ಯಾನೊಮೀಟರ್ ತರಂಗಾಂತರ, ಸುಮಾರು 300 ಫೆಮ್ಟೊಸೆಕೆಂಡ್‌ನ ಸ್ಪಂದ, 0.4 ಎನ್‌ಎ (ಬೆಳಕು ಬಿಂದುವಿಗೆ ಕೂಡುವ ಕೋನದ ಅಳತೆ) ಆಬ್ಜೆಕ್ಟಿವ್ ಮಸೂರ, ಸ್ಪಂದವೊಂದಕ್ಕೆ 200ರಿಂದ 250 ನ್ಯಾನೊಜೂಲ್: ನನಗೆ ಒದಗಿದ್ದು ಇದು. ಶಕ್ತಿ ಇದಕ್ಕಿಂತ ತೀರಾ ಕಡಿಮೆಯಾದರೆ ವಕ್ರೀಭವನಾಂಕ (ಗಾಜು ಬೆಳಕನ್ನು ಬಾಗಿಸುವ ಪ್ರಮಾಣ) ನಯವಾಗಿ ಬದಲಾಗುತ್ತದೆ, ಬೆಳಕು ಸಾಗುವ ತರಂಗಮಾರ್ಗ ಬರೆಯುವವರಿಗೆ ಅದು ಹಬ್ಬ, ನನಗೆ ನಷ್ಟ; ಹೆಚ್ಚಾದರೆ ಬಿರುಕು ಬಿದ್ದು ಎಚ್ಚಿಂಗ್ (ರಾಸಾಯನಿಕದಿಂದ ಕೊರೆಯುವುದು) ಬೇಡದ ಕಡೆಗೆಲ್ಲ ಹರಡುತ್ತದೆ.

ನಡುವೆ ಅಗ್ಗವೆಂದು ಬೋರೋಸಿಲಿಕೇಟ್ ಗಾಜಿನ ತಟ್ಟೆಯನ್ನೂ ಪರೀಕ್ಷಿಸಿದೆ. ಸೆಕೆಂಡಿಗೆ ಹತ್ತು ಲಕ್ಷ ಸ್ಪಂದಗಳ ವೇಗದಲ್ಲಿ ಶಾಖ ಕೂಡಿಕೊಂಡು ಒಳಗೆ ಗಾಜು ಕರಗಿ ಚೆಂದದ ಗೆರೆಯೇನೋ ಮೂಡಿತು, ಆದರೆ ನ್ಯಾನೊಗ್ರೇಟಿಂಗ್ ಇಲ್ಲದ ಆ ಗೆರೆಯೊಳಗೆ ದ್ರಾವಣ ಇಳಿಯಲೇ ಇಲ್ಲ.

ದ್ರಾವಣ ಸುಮಾರು 10 ಮೋಲಾರ್, ಉಷ್ಣತೆ 85 ಡಿಗ್ರಿ, ಪಾತ್ರೆ ಮುಚ್ಚಳವಿರುವ ಟೆಫ್ಲಾನ್. ಎರಡೂ ತುದಿಗಳಿಂದ ತಾಸಿಗೆ 200 ಮೈಕ್ರಾನ್‌ನಂತೆ ಸಾಗಿದರೂ ಒಂದು ಹಗಲು, ಒಂದು ರಾತ್ರಿ ಮತ್ತು ಇನ್ನೊಂದಿಷ್ಟು ಹೊತ್ತು ಹಿಡಿಯುತ್ತದೆ, ಆದರೆ ಆ ಹೊತ್ತಿನಲ್ಲಿ ಯಾರೂ ಕಾವಲಿರಬೇಕಿಲ್ಲ. ಬರೆಯುವ ಗೆರೆಗಳ ನಡುವಿನ ಅಂತರ ಹಾಗೂ ಅವುಗಳ ಕ್ರಮ, ಇವೆರಡನ್ನು ಮಾತ್ರ ನಾನಿಲ್ಲಿ ಬರೆಯುವುದಿಲ್ಲ. ತಟ್ಟೆಯ ಖರ್ಚು ಸುಮಾರು 9,000 ರೂಪಾಯಿಯಿಂದ 4,000ಕ್ಕೆ ಇಳಿದದ್ದು ಬಹುಪಾಲು ಅವುಗಳಿಂದಲೇ.