30 ಮನೆಗೆಂದು ಬೆಳೆಯುವುದು

ಕೋಲಾರದಲ್ಲಿ ಬಾಕ್ಸ್ ಅಂದರೆ ಒಂದೇ ಅರ್ಥ, 15 ಕೆಜಿ ಟೊಮೆಟೊ ಹಿಡಿಯುವ ಕ್ರೇಟು. ಎಪಿಎಂಸಿ ಯಾರ್ಡಿನಲ್ಲಿ ಹರಾಜು ಕೂಗುವುದೂ ಅದೇ ಲೆಕ್ಕದಲ್ಲಿ. ನಾನು ಹನ್ನೊಂದು ವರ್ಷ ಆ ಕೂಗನ್ನು ನಂಬಿ ಬೇಸಾಯ ಮಾಡಿದವನು. ಬಾಕ್ಸು 60 ರೂಪಾಯಿಗೆ ಇಳಿದ ದಿನ ಕೀಳುವ ಕೂಲಿಯೂ ಗಾಡಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಹಣ್ಣನ್ನು ಗಿಡದಲ್ಲೇ ಬಿಟ್ಟು ಹೊಲಕ್ಕೆ ಹಸು ಬಿಟ್ಟಿದ್ದೇವೆ.

ಈಗ ಎರಡು ಎಕರೆಯಲ್ಲಿ ಬೆಳೆದದ್ದು ವೈಟ್‌ಫೀಲ್ಡ್, ಕೆ.ಆರ್. ಪುರದ 30 ಮನೆಗೆ ಹೋಗುತ್ತದೆ. ಒಂದು ಮನೆಯವರು 12 ವಾರಕ್ಕೆ 6,000 ರೂಪಾಯಿಯನ್ನು ಬಿತ್ತನೆಗೆ ಮೊದಲೇ ಕೊಡುತ್ತಾರೆ. ಪ್ರತಿ ಶನಿವಾರ ಅವರ ಬಾಗಿಲಿಗೆ ಸುಮಾರು 6 ಕೆಜಿ ತರಕಾರಿ, ಸೊಪ್ಪು ಬರುತ್ತದೆ. ಹೊಲದಲ್ಲಿ ಏನು ಬಂತೋ ಅದು. ಚೆನ್ನಾಗಿ ಬಂದರೆ ಹೆಚ್ಚು, ಕೆಟ್ಟರೆ ಕಡಿಮೆ. ಜಪಾನಿನಲ್ಲಿ 1970ರ ದಶಕದಲ್ಲೇ ತಾಯಂದಿರು ರೈತರ ಜೊತೆ ಇಂಥ ಒಪ್ಪಂದ ಮಾಡಿಕೊಂಡಿದ್ದರಂತೆ. ನನಗೆ ಇದನ್ನು ಹೇಳಿದ್ದು ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳು. ಮೊದಲ ಎಂಟು ಮನೆ ಅವಳ ಅಪಾರ್ಟ್‌ಮೆಂಟಿನವೇ.

ದುಡ್ಡು ಮೊದಲು ಬಂದರೆ ಏನಾಗುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಬೀಜ, ಗೊಬ್ಬರಕ್ಕೆ ಯಾರ್ಡಿನ ದಲ್ಲಾಳಿಗಳ ಮಂಡಿಯಲ್ಲಿ ಸಾಲ ಮಾಡಿದರೆ ಫಸಲನ್ನೂ ಅಲ್ಲಿಗೇ ಹಾಕಬೇಕು, ಅವರು ಹೇಳಿದ್ದೇ ರೇಟು. ಆ ಕಟ್ಟು ಕಳಚಿತು. ಏನು ಬಿತ್ತಬೇಕು ಅನ್ನುವುದನ್ನು ನಾನೇ ಯೋಚಿಸುವ ಹಾಗಾಯಿತು.

ಆದರೆ ಬಿತ್ತುವುದೇ ನನಗೆ ಗೊತ್ತಿರಲಿಲ್ಲ ಅಂತ ಮೊದಲ ಸಲವೇ ತಿಳಿಯಿತು. ಟೊಮೆಟೊದ ಅಭ್ಯಾಸದಲ್ಲಿ ಬೀನ್ಸನ್ನೂ ಒಂದೇ ದಿನ ಊರಿಬಿಟ್ಟೆ. ಐವತ್ತನೇ ದಿನಕ್ಕೆ ಬೀನ್ಸೋ ಬೀನ್ಸು, ಮೂರು ವಾರ ಎಲ್ಲರ ಮನೆಯಲ್ಲೂ ಅದೇ ಪಲ್ಯ. ಆಮೇಲೆ ಒಂದು ಕಾಯಿ ಇಲ್ಲ. ಈಗ ಬೀನ್ಸು, ಮೂಲಂಗಿ, ದಂಟು, ಕೊತ್ತಂಬರಿ ಎಲ್ಲವನ್ನೂ ಹದಿನೈದು ದಿನಕ್ಕೊಂದು ಮಡಿ ಬಿತ್ತುತ್ತೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ಬಿತ್ತಿದ ದಿನಕ್ಕೆ ನೀಲಿ ಶಾಯಿ, ಕೊಯ್ಯುವ ದಿನಕ್ಕೆ ಕೆಂಪು. ಹೊಸಬರು ಯಾರಾದರೂ ಶುರು ಮಾಡುವುದಾದರೆ ಗ್ರಾಹಕರನ್ನು ಹುಡುಕುವ ಮೊದಲು ಈ ಕ್ಯಾಲೆಂಡರ್ ಬರೆಯಲಿ.

ಶುಕ್ರವಾರ ಬಿಸಿಲು ಇಳಿದ ಮೇಲೆ ಸೊಪ್ಪು ಕೊಯ್ದು ಒದ್ದೆ ಗೋಣಿಯ ಕೆಳಗಿಡುತ್ತೇವೆ. ಪೆಟ್ಟಿಗೆಯ ತಳಕ್ಕೆ ಸೋರೆಕಾಯಿ, ಮೂಲಂಗಿ, ಅದರ ಮೇಲೆ ಬದನೆ, ಹೀರೆ, ಆಮೇಲೆ ಟೊಮೆಟೊ, ಎಲ್ಲಕ್ಕಿಂತ ಮೇಲೆ ಸೊಪ್ಪು. ಮಂಡಿಗಾದರೆ ಟೊಮೆಟೊ ಬಣ್ಣ ತಿರುಗುತ್ತಲೇ ಕಿತ್ತುಬಿಡಬೇಕು. ಇಲ್ಲಿ ಗಿಡದಲ್ಲೇ ಕೆಂಪಾದ ಹಣ್ಣು ಕೀಳಬಹುದು, ಮಾರನೆಯ ದಿನವೇ ಅದು ಸಾರಿನ ಪಾತ್ರೆಗೆ ಬೀಳುತ್ತದಲ್ಲ.

2023ರ ಜುಲೈನಲ್ಲಿ ನಮ್ಮ ಯಾರ್ಡಿನಲ್ಲಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತು. 30 ಮನೆಗೆ ಒಂದೊಂದು ಕೆಜಿ ಅಂದರೆ ಎರಡು ಬಾಕ್ಸು, ವಾರಕ್ಕೆ 4,000. "ಲೋ, ತಲೆ ಕೆಟ್ಟಿದೆಯಾ? ಒಂದು ತಿಂಗಳು ಅವರಿಗೆ ಹೀರೆಕಾಯಿ ಹಾಕು, ಇದನ್ನ ಮಂಡಿಗೆ ತಗೊಂಡೋಗು" ಅಂದ ದೊಡ್ಡಪ್ಪ. ಎರಡು ರಾತ್ರಿ ನಿದ್ದೆ ಬರಲಿಲ್ಲ, ನಿಜ. ಆದರೂ ಆ ಎರಡು ಬಾಕ್ಸನ್ನು ತೆಗೆಯಲಿಲ್ಲ. ರೇಟು ಬಿದ್ದಾಗ ಕೈಬಿಡಬೇಡಿ ಅಂತ ಕೇಳಿದವನು ನಾನೇ ಅಲ್ಲವಾ.

ಆಮೇಲೊಂದು ಬೇಸಿಗೆಯಲ್ಲಿ ಸಂಜೆ ಇಪ್ಪತ್ತು ನಿಮಿಷ ಆಲಿಕಲ್ಲು ಮಳೆ ಬಿತ್ತು. ಹೀರೆಯ ಚಪ್ಪರ ನೆಲಕ್ಕೆ ಬಂದಿತ್ತು, ದಂಟಿನ ಎಲೆ ಜರಡಿಯಾಗಿತ್ತು. ಹಾಗೇ ಫೋಟೊ ತೆಗೆದು ಎಲ್ಲರಿಗೂ ಕಳಿಸಿದೆ. ಆ ವಾರ ಪೆಟ್ಟಿಗೆಯಲ್ಲಿ ಇದ್ದದ್ದು ಮೂರೇ ಪದಾರ್ಥ. ಎರಡು ಮನೆಯವರು ದುಡ್ಡು ವಾಪಸ್ ಕೇಳಿದರು, ಕೊಟ್ಟೆ. ಉಳಿದ 28 ಮನೆಯವರು ಒಂದು ಮಾತೂ ಆಡಲಿಲ್ಲ.

ಎರಡು ವಾರ ಕಳೆಯುವಷ್ಟರಲ್ಲಿ ಆ ಮಳೆಗೇ ಹೊಲದ ತುಂಬ ಕಳೆ ಎದ್ದಿತ್ತು. ನಾನು ಕುಡುಗೋಲು ಹಿಡಿದು ಹೊರಟರೆ ಅಮ್ಮ ಅಡ್ಡ ಬಂದಳು. "ಕಳೆ ಯಾರಪ್ಪ ಅಂದೋರು? ನೋಡು, ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ. ಬೆರಕೆ ಸೊಪ್ಪು ಕಣೋ ಇದು." ಅವಳೇ ಕೂತು ಎಳೆ ಕುಡಿಗಳನ್ನಷ್ಟೇ ಉಗುರಿನಲ್ಲಿ ಚಿವುಟಿ ಮಡಿಲು ತುಂಬಿದಳು. ಒಂದೊಂದು ಮನೆಗೆ ಒಂದೊಂದು ಕಟ್ಟು ಕಳಿಸಿದೆವು. ಜೊತೆಗೆ ವಾಟ್ಸಾಪಿನಲ್ಲಿ ಅಮ್ಮನ ದನಿ: ಹುರಳಿಕಾಳು ಬೇಯಿಸಿ ಸೊಪ್ಪು ಹಾಕಿ, ಬೆಂದ ನೀರು, ಅದೇ ಕಟ್ಟು, ಬಸಿದುಕೊಳ್ಳಿ, ಬೆಂದ ಸೊಪ್ಪು ಒಂದು ಹಿಡಿ ತೆಗೆದು ಮೆಣಸಿನಕಾಯಿ, ಬೆಳ್ಳುಳ್ಳಿ, ಕಾಯಿ ಜೊತೆ ರುಬ್ಬಿ ಆ ಕಟ್ಟಿನ ನೀರಿಗೆ ಬಿಡಿ, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡಿ.

ಭಾನುವಾರ ಮಧ್ಯಾಹ್ನ ಚಿಂತಾಮಣಿ ಕಡೆಯಿಂದ ಬಂದು ನೆಲೆಸಿದ ಹಿರಿಯರೊಬ್ಬರು ಫೋನ್ ಮಾಡಿದರು. "ಅಣ್ಣಾ, ನಮ್ಮಮ್ಮ ಹೋದ ಮೇಲೆ ಈ ಬಸ್ಸಾರು ತಿಂದಿರಲಿಲ್ಲ. ಅವರಿಗೆ ಫೋನ್ ಕೊಡಿ" ಅಂದರು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡವಳು ಅರ್ಧ ಗಂಟೆ ಬಿಡಲಿಲ್ಲ.

ಈ ಮುಂಗಾರಿಗೆ ಬದುವಿನ ಪಕ್ಕ ನಾಲ್ಕು ಮಡಿಗೆ ಏನೂ ಬಿತ್ತಿಲ್ಲ, ಕಳೆಯನ್ನೂ ತೆಗೆದಿಲ್ಲ. ದೊಡ್ಡಪ್ಪ ಬಂದಾಗಲೆಲ್ಲ ಜಾಗ ಹಾಳಾಯಿತು ಅನ್ನುತ್ತಾನೆ. ಅಮ್ಮ ಮಾತ್ರ ಶುಕ್ರವಾರ ಸಂಜೆ ಮೊದಲು ಹೋಗಿ ಕೂರುವುದೇ ಅಲ್ಲಿ.