ದಪ್ಪ ಅಕ್ಷರದಲ್ಲಿ ‘ತೀರ್ಥಹಳ್ಳಿ’ ಬರೆಯುವುದು: ಒಂದು ಫಾಂಟ್ ಮಾಡಿದ ಅನುಭವ

ದಪ್ಪಗೆ, ದುಂಡಗೆ ಇರುವ ಒಂದು ಕನ್ನಡ ಫಾಂಟ್ ಮಾಡಬೇಕು ಅಂತ ಹೊರಟಾಗ ನನ್ನ ತಲೆಯಲ್ಲಿದ್ದದ್ದು ಬಸ್ಸಿನ ಬೋರ್ಡ್. ಮಳೆಗಾಲದಲ್ಲಿ ನಮ್ಮ ಕಡೆ ಬಸ್ಸಿನ ಗಾಜಿನ ಮೇಲೆ ಸದಾ ನೀರು. ಅದರ ಹಿಂದಿರುವ ಬೋರ್ಡನ್ನು ಛತ್ರಿ ಹಿಡಿದು ನಿಂತವರು ಓದಬೇಕು. ಸಾಗರವೋ ಸೊರಬವೋ ಅಂತ ತಿಳಿಯುವಷ್ಟರಲ್ಲಿ ಬಸ್ ಮುಂದೆ ಹೋಗಿರಬಾರದು, ಅಲ್ವಾ? ಅದಕ್ಕೆ ಸಪೂರ ಅಕ್ಷರ ಸಾಲದು.

ಇಂಗ್ಲಿಷ್‌ನಲ್ಲಿ ಇಂಥ ಫಾಂಟ್ ಅಂದರೆ ಕೂಪರ್ ಬ್ಲ್ಯಾಕ್ ನೆನಪಾಗುತ್ತದೆ. 1922ರಲ್ಲಿ ಷಿಕಾಗೋದಿಂದ ಬಂದದ್ದು, ಬರೆದವರು ಆಸ್ವಾಲ್ಡ್ ಕೂಪರ್. ನೆಟ್ಟಗಿನ ಗೆರೆಗಳ ತುದಿ, ಮೂಲೆಗಳನ್ನು ಮೆತ್ತಗೆ ಮಾಡುವುದೇ ಅಲ್ಲಿ ದೊಡ್ಡ ಕೆಲಸ. ಕನ್ನಡದಲ್ಲಿ ಆ ಕೆಲಸ ಅರ್ಧ ಆಗಿಯೇ ಇದೆ. ಗ, ರ, ಠ, ಲ, ಯಾವುದನ್ನು ನೋಡಿದರೂ ಗೆರೆ ಬಳುಕಿಕೊಂಡೇ ಬಂದಿರುತ್ತದೆ. ಗೆರೆಯ ತುದಿ, ತಲಕಟ್ಟಿನ ಕೊನೆ ತಿದ್ದಿದರೆ ದುಂಡು ಬಂತು.

ಕಷ್ಟ ಇರುವುದು ದಪ್ಪದಲ್ಲಿ. ಗೆರೆ ಹೊರಗೆ ಬೆಳೆದಂತೆ ಒಳಗೂ ಬೆಳೆಯುತ್ತದೆ. ಎನಾಮೆಲ್ ಪೇಂಟ್‌ನಲ್ಲಿ ಬೋರ್ಡ್ ಬರೆದು ಪಳಗಿದ ಹಿರಿಯರೊಬ್ಬರಿಗೆ ಮೊದಲ ಅಕ್ಷರಗಳನ್ನು ತೋರಿಸಿದೆ. ‘ಒಳಗೆ ಗಾಳಿ ಆಡ್ಬೇಕು ಮಾರಾಯಾ, ಇಲ್ಲಾಂದ್ರೆ ದೂರಕ್ಕೆ ಬರೀ ಕಪ್ಪು ಕಾಣ್ತದೆ’ ಅಂದರು. ಅಲ್ಲಿಂದ ಮುಂದೆ ಪ್ರತಿ ಅಕ್ಷರದಲ್ಲೂ ಒಳಗಿನ ಬಿಳಿಯ ಆಕಾರವನ್ನೇ ಮೊದಲು ಗಟ್ಟಿ ಮಾಡಿಕೊಂಡೆ. ಅದರ ಸುತ್ತ ಕಪ್ಪು ತುಂಬಿದೆ.

ಪರೀಕ್ಷೆಗೆ ಬೇರೆ ಪದ ಹುಡುಕಲಿಲ್ಲ. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರೇ ಸಾಕು. ಸಾಗರ, ಸೊರಬ, ಹೊಸನಗರ ಸಲೀಸು. ಶಿಕಾರಿಪುರದಲ್ಲಿ ‘ಪ’ ಹೋಗಿ ‘ವ’ ಥರ ಕಾಣದಂತೆ ನೋಡಿಕೊಳ್ಳಬೇಕು. ಭದ್ರಾವತಿಗೆ ಬಂದರೆ ‘ಭ’. ಮಹಾಪ್ರಾಣಕ್ಕೆ ಹೊಟ್ಟೆ ಸೀಳಬೇಕು ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರಲ್ಲ, ದಪ್ಪ ಅಕ್ಷರದಲ್ಲಿ ಆ ಸೀಳೇ ಮುಳುಗಿ ಹೋಗುತ್ತದೆ. ಸೀಳಿನ ಗೆರೆಯನ್ನು ಇನ್ನಷ್ಟು ಕೆಳಗೆ ಇಳಿಸಿ, ಎರಡೂ ಪಕ್ಕ ಬಿಳಿ ಬಿಟ್ಟೆ. ಈಗ ರಸ್ತೆಯ ಆಚೆಯಿಂದಲೂ ‘ಬ’ ಬೇರೆ, ‘ಭ’ ಬೇರೆ.

ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ತೀರ್ಥಹಳ್ಳಿ. ಗುಡಿಸಿನ ಜೊತೆ ದೀರ್ಘ, ಅರ್ಕಾವತ್ತು, ‘ಥ’ದ ಹೊಟ್ಟೆಯೊಳಗೆ ಚುಕ್ಕೆ, ಕೊನೆಗೆ ‘ಳ’ಕ್ಕೆ ಒತ್ತು. ಆ ಚುಕ್ಕೆ ಸುತ್ತಲಿನ ಗೆರೆಗೆ ತಾಗಬಾರದು. ಹಾಗಾಗಿ ‘ಥ’ವನ್ನು ‘ದ’ಕ್ಕಿಂತ ಸ್ವಲ್ಪ ಅಗಲ ಮಾಡಿದೆ. ಈ ಒಂದು ಪದ ಸರಿ ಬಂದರೆ ಫಾಂಟ್‌ನ ಬಹುಪಾಲು ಸರಿ ಬಂದಂತೆ ಅನ್ನುವುದು ನನ್ನ ನಂಬಿಕೆ.

ಒತ್ತುಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನ್ನ ಫಾಂಟ್‌ನಲ್ಲಿ ಅಕ್ಷರ ಕೂರುವ ಚೌಕಟ್ಟಿನ ಎತ್ತರ 1000 ಯೂನಿಟ್. ಅದರಲ್ಲಿ ನಿಂತ ಗೆರೆಯ ದಪ್ಪ 150, ಮಲಗಿದ ಗೆರೆಯದು 115. ‘ಗ’ವನ್ನೇ ಅರ್ಧಕ್ಕೆ ಇಳಿಸಿ ಕೆಳಗಿಟ್ಟರೆ ಗೆರೆಯೂ 75ಕ್ಕೆ ಇಳಿಯುತ್ತದೆ. ಪೈಲ್ವಾನನಿಗೆ ಸಪೂರ ಕಾಲು ಇಟ್ಟ ಹಾಗೆ ಕಾಣುತ್ತದೆ. ಅದಕ್ಕೇ ಒಂದೊಂದು ಒತ್ತನ್ನೂ ಬೇರೆಯಾಗಿಯೇ ಬರೆಯಬೇಕು, ದಪ್ಪ ಉಳಿಸಿಕೊಂಡು ಸುರುಳಿ ಸರಳ ಮಾಡಬೇಕು. ಒತ್ತನ್ನು ಪೂರ್ತಿ ಕೆಳಗೆ ಇಳಿಸದೆ ಬಲಕ್ಕೆ ಸರಿಸಿದರೆ ಇನ್ನೊಂದು ಲಾಭ. ಸಾಲಿನ ಎತ್ತರ ಕಡಿಮೆಯಾಗುತ್ತದೆ, ಅದೇ ಬೋರ್ಡ್‌ನಲ್ಲಿ ಅಕ್ಷರ ದೊಡ್ಡದಾಗಿ ಕೂರುತ್ತದೆ. ‘ರಾಷ್ಟ್ರ’ದಂತೆ ಎರಡು ಒತ್ತು ಬರುವ ಪದಗಳಿಗೆ ಮಾತ್ರ ಕೆಳಗೆ ಜಾಗ ಬಿಡಲೇಬೇಕು.

ಅಕ್ಷರ ಬರೆದ ಮಾತ್ರಕ್ಕೆ ಫಾಂಟ್ ಆಗುವುದಿಲ್ಲ. ಮೊದಲು ‘ರ್’, ಆಮೇಲೆ ‘ಥ’ ಟೈಪ್ ಮಾಡಿದರೂ ಅರ್ಕಾವತ್ತು ‘ಥ’ದ ನಂತರ ಬಂದು ಕೂರಬೇಕು. ಈ ಥರದ್ದಕ್ಕೆಲ್ಲ ಓಪನ್‌ಟೈಪ್ ನಿಯಮ, ಅಂದರೆ ಯಾವ ಅಕ್ಷರ ಯಾವುದರ ಜೊತೆ ಹೇಗೆ ಸೇರಬೇಕು ಅಂತ ಫಾಂಟ್‌ನೊಳಗೇ ಹೇಳುವ ಸೂಚನೆ, ಬರೆಯಬೇಕು. ನಾನು ಕಲಿತದ್ದು ಫಾಂಟ್ ಮಾಡುವ ಸಂಸ್ಥೆ ಏಕ್ ಟೈಪ್‌ನವರ ಬಾಲೂ ತಮ್ಮ ನೋಡಿ. ಅದೂ ದಪ್ಪ, ದುಂಡು ಕನ್ನಡ ಫಾಂಟ್. ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದರ ಹೊಸ ಆವೃತ್ತಿ ಬಾಲೂ ತಮ್ಮ 2ರಲ್ಲಿ ಐದು ದಪ್ಪಗಳಿವೆ. ಫಾಂಟ್ ತಿದ್ದುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್‌ನಲ್ಲಿ ತೆರೆದು ಯಾವ ಒತ್ತು ಎಲ್ಲಿ ಕೂರುತ್ತದೆ ಅಂತ ಒಂದೊಂದಾಗಿ ನೋಡಿದೆ. ಇಂಥದ್ದನ್ನು ಎಲ್ಲರಿಗೂ ತೆರೆದಿಟ್ಟವರಿಗೆ ನಾನು ಋಣಿ.

ಬಳಕೆಯ ವಿಷಯಕ್ಕೆ ಬರುತ್ತೇನೆ. ಅಡಿಕೆ ಮಂಡಿ, ಹೋಟೆಲ್, ಬಸ್ಸು, ನಾಟಕದ ಪೋಸ್ಟರ್, ಎಲ್ಲದಕ್ಕೂ ಇದು ಒಪ್ಪುತ್ತದೆ. ವಿನೈಲ್ ಕತ್ತರಿಸಿ ಅಂಟಿಸುವವರಿಗಂತೂ ದುಂಡು ತುದಿ ದೊಡ್ಡ ಅನುಕೂಲ. ಸ್ಟಿಕ್ಕರ್ ಮೊದಲು ಎದ್ದುಕೊಳ್ಳುವುದು ಚೂಪು ಮೂಲೆಯಲ್ಲಿ, ನಮ್ಮ ಮಳೆಯಲ್ಲಂತೂ ಇನ್ನೂ ಬೇಗ. ದುಂಡು ತುದಿ ಹಿಡಿದು ನಿಲ್ಲುತ್ತದೆ. ಹಾಗಂತ ಆಮಂತ್ರಣದ ವಿಳಾಸಕ್ಕೋ ಉದ್ದ ಬರಹಕ್ಕೋ ಹಾಕಬೇಡಿ, ಕಣ್ಣು ದಣಿಯುತ್ತದೆ. ಶ್ರದ್ಧಾಂಜಲಿ ಬ್ಯಾನರ್‌ಗೆ ಬೇಡವೇ ಬೇಡ. ಈ ಅಕ್ಷರಗಳ ಮುಖದಲ್ಲಿ ನಗು ಇದೆ, ಅಲ್ಲಿ ಅದು ಸಲ್ಲದು.

ಹಳೆಯ ಡಿಸೈನ್ ಸಾಫ್ಟ್‌ವೇರ್ ಇಟ್ಟುಕೊಂಡಿರುವ ಫ್ಲೆಕ್ಸ್ ಅಂಗಡಿಗಳಲ್ಲಿ ಯೂನಿಕೋಡ್ ಒತ್ತುಗಳು ಒಡೆದುಹೋಗುತ್ತವೆ. ಅವರಿಗೆ ನಾನು ಫಾಂಟ್ ಫೈಲ್ ಕೊಡುವುದಿಲ್ಲ. ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಹೆಸರು ಟೈಪ್ ಮಾಡಿ, ಅಕ್ಷರಗಳನ್ನು ಪಾತ್‌ಗೆ, ಅಂದರೆ ಫಾಂಟ್ ಬೇಡದ ಬರೀ ಗೆರೆಯ ಆಕಾರಕ್ಕೆ, ಬದಲಾಯಿಸಿ, ಪಿಡಿಎಫ್ ಕಳಿಸುತ್ತೇನೆ. ಕಳಿಸುವ ಮುಂಚೆ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ರಸ್ತೆ ದಾಟಿ ನಿಂತು ಓದಿ ನೋಡುತ್ತೇನೆ. ಸ್ಕ್ರೀನ್ ಮೇಲೆ ಚೆನ್ನಾಗಿ ಕಂಡಿತು ಅನ್ನುವುದು ಬೋರ್ಡಿಗೆ ಸಾಲದು.