ವಾಹನದಲ್ಲೇ ಲಸಿಕೆ: ಕಾಯುವ ಹದಿನೈದು ನಿಮಿಷದಿಂದ ಶುರುವಾದ ಲೆಕ್ಕ

2021ರಲ್ಲಿ ಕೋವಿಡ್ ಲಸಿಕೆ ಬಂದಾಗ ಬಸ್ ಚಾಲಕರು, ಕಸ ಸಾಗಿಸುವವರು, ಪೊಲೀಸರು, ದಿನಸಿ ಅಂಗಡಿಗಳ ಕೆಲಸಗಾರರು ಮುಂತಾದ ಅಗತ್ಯ ಸೇವೆಯವರಿಗಾಗಿ, ವಾಹನದಿಂದ ಇಳಿಯದೆಯೇ ಲಸಿಕೆ ಪಡೆಯುವ ಕೇಂದ್ರವೊಂದನ್ನು ನಡೆಸುವ ಹೊಣೆ ನನಗೆ ಬಂತು. ನಾನು ವೃತ್ತಿಯಿಂದ ನರ್ಸ್. ಚುಚ್ಚುಮದ್ದು ಕೊಡುವುದು ನನಗೆ ಹೊಸದಲ್ಲ. ಆದರೆ ಚುಚ್ಚಿಸಿಕೊಂಡವರು ಮರುಗಳಿಗೆಯಲ್ಲೇ ಸ್ಟಿಯರಿಂಗ್ ಹಿಡಿದು ಹೊರಡುವ ಸ್ಥಿತಿಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೊದಲ ದಿನದ ಯೋಜನೆಯಲ್ಲಿ ನನ್ನ ಗಮನವೆಲ್ಲ ಲಸಿಕೆ ಹಾಕುವ ಸಾಲುಗಳ ಮೇಲಿತ್ತು. ಎರಡು ಸಾಲು, ವಾಹನವೊಂದಕ್ಕೆ ಎರಡು ನಿಮಿಷ ಎಂದರೆ ನಿಮಿಷಕ್ಕೊಂದು ವಾಹನ ಮುಂದೆ ಸಾಗುತ್ತದೆ. ಪ್ರತಿಯೊಬ್ಬರೂ ಹದಿನೈದು ನಿಮಿಷ ನಿಗಾದಲ್ಲಿರಬೇಕಾದ್ದರಿಂದ ಯಾವ ಹೊತ್ತಿನಲ್ಲಿ ನೋಡಿದರೂ ಕನಿಷ್ಠ 15 ವಾಹನಗಳು ಅಲ್ಲಿ ನಿಂತಿರುತ್ತವೆ; ಹಿಂದೆ ತೀವ್ರ ಅಲರ್ಜಿಯಾದವರು ಅರ್ಧ ಗಂಟೆ ಇರಬೇಕಾದ್ದರಿಂದ ಆ ಸಂಖ್ಯೆ ಇನ್ನೂ ಏರುತ್ತದೆ. ನಾವು ಗುರುತು ಮಾಡಿದ್ದದ್ದು ಹತ್ತೇ ಜಾಗ. ಒಂದು ಗಂಟೆ ತುಂಬುವುದರೊಳಗೆ ಸಾಲು ಹಿಂದಕ್ಕೆ ಕಟ್ಟಿಕೊಂಡು, ಲಸಿಕೆ ಪಡೆದವರು ಮುಂದೆ ಹೋಗಲಾಗದೆ, ಪಡೆಯದವರು ಒಳಗೆ ಬರಲಾಗದೆ ನಿಂತುಬಿಟ್ಟರು. ಮರುದಿನ 24 ಜಾಗಗಳನ್ನು ಮಾಡಿದೆವು. ಯಾರೊಬ್ಬರ ವಾಹನವೂ ಇನ್ನೊಬ್ಬರದಕ್ಕೆ ಅಡ್ಡವಾಗದಂತೆ ಓರೆಯಾಗಿ, ಬಾಗಿಲು ಪೂರ್ತಿ ತೆರೆದು ಮನುಷ್ಯನನ್ನು ಹೊರಗೆ ಎತ್ತಿಕೊಳ್ಳುವಷ್ಟು ಅಂತರ ಬಿಟ್ಟು ಗೆರೆ ಎಳೆಸಿದೆವು. ಆಂಬುಲೆನ್ಸ್ ಹೋಗುವ ದಾರಿಯನ್ನು ಇಡೀ ದಿನ ಖಾಲಿ ಇಟ್ಟೆವು.

ಅದೇ ಮೊದಲ ದಿನ ನಡೆದ ಇನ್ನೊಂದು ಸಂಗತಿ ಇಂದಿಗೂ ನನ್ನ ಕಣ್ಣಮುಂದಿದೆ. ರಾತ್ರಿ ಪಾಳಿ ಮುಗಿಸಿ, ಏನೂ ತಿನ್ನದೆ ನೇರವಾಗಿ ಬಂದಿದ್ದ ಚಾಲಕರೊಬ್ಬರು ಲಸಿಕೆ ಪಡೆದು ಆರೇಳು ನಿಮಿಷ ಚೆನ್ನಾಗಿಯೇ ಮಾತನಾಡುತ್ತಿದ್ದರು. ಎಂಜಿನ್ ಚಾಲೂ ಇತ್ತು, ಕಾಲು ಬ್ರೇಕಿನ ಮೇಲಿತ್ತು. ಹಣೆ ಬೆವರಿ, ಮುಖ ಬಿಳಿಚಿ, ತಲೆ ಪಕ್ಕಕ್ಕೆ ವಾಲಿದಾಗ ಕಾಲು ಸಡಿಲವಾಗಿ ಕಾರು ನಿಧಾನವಾಗಿ ಮುಂದೆ ಉರುಳಿ, ಎದುರಿಗಿದ್ದ ಕೋನ್ ಅನ್ನು ಬೀಳಿಸಿತು. ಕಿಟಕಿ ತೆರೆದಿದ್ದರಿಂದ ನಮ್ಮ ಸ್ವಯಂಸೇವಕಿ ಕೈ ಒಳಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದಳು. ಸೀಟನ್ನು ಹಿಂದಕ್ಕೆ ಒರಗಿಸಿದ ಕೆಲವೇ ನಿಮಿಷಗಳಲ್ಲಿ ಅವರು ಚೇತರಿಸಿಕೊಂಡರು. ಚುಚ್ಚುಮದ್ದಿನ ನಂತರ ತಲೆಸುತ್ತಿ ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಈ ಮೊದಲ ಹದಿನೈದು ನಿಮಿಷಗಳಲ್ಲೇ. ಅಂದಿನಿಂದ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿಯನ್ನು ಹೊರಗಿನಿಂದ ಕಾಣುವಂತೆ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಮೇಲೆಯೇ ಸಿರಿಂಜ್ ಕೈಗೆತ್ತಿಕೊಳ್ಳುವ ನಿಯಮ ಮಾಡಿದೆವು. ದಿನವಿಡೀ ಹೊಗೆಯ ನಡುವೆ ನಿಲ್ಲುವ ಸಿಬ್ಬಂದಿಗೂ ಇದರಿಂದ ನೆಮ್ಮದಿಯಾಯಿತು. ತೀವ್ರ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಔಷಧಿ ಇದ್ದ ತುರ್ತು ಪೆಟ್ಟಿಗೆಯನ್ನು ಲಸಿಕೆ ಹಾಕುವ ಮೇಜಿನಿಂದ ಕಾಯುವ ಜಾಗಕ್ಕೆ ತಂದಿರಿಸಿದೆವು. ಅದು ಬೇಕಾಗುವುದು ಅಲ್ಲೇ.

ಗಾಜಿನ ಮೇಲೆ ಅಂಟಿಸುವ ಚೀಟಿಯಲ್ಲಿ ಮೊದಲು ಲಸಿಕೆ ಹಾಕಿದ ಸಮಯವನ್ನು ಬರೆಯುತ್ತಿದ್ದೆವು. ಆಮೇಲೆ ಹೊರಡಬಹುದಾದ ಸಮಯವನ್ನೇ ಬರೆಯತೊಡಗಿದೆವು. ಸಮಯ ಕೂಡಿಸುವ ಗೋಜು ಉಳಿಯಲಿಲ್ಲ, ಕೆಲಸಕ್ಕೆ ಹೊತ್ತಾಯಿತೆಂದು ಅವಸರಪಡುವವರೊಡನೆ ನಡೆಯುತ್ತಿದ್ದ ವಾದವೂ ನಿಂತಿತು.

ಚುಚ್ಚುವ ಕೆಲಸದಲ್ಲೂ ವಾಹನದ ಎತ್ತರ ಲೆಕ್ಕಕ್ಕೆ ಬರುತ್ತದೆ. ತಗ್ಗಾದ ಕಾರಿನಲ್ಲಿ ಕುಳಿತವರಿಗೆ ನಿಂತುಕೊಂಡೇ ಚುಚ್ಚಲು ಹೋದರೆ ಸೂಜಿ ಭುಜದ ಕೀಲಿನ ಹತ್ತಿರಕ್ಕೆ ಹೋಗಿ, ತಿಂಗಳುಗಟ್ಟಲೆ ಕಾಡುವ ನೋವು ಬರಬಹುದು. ಆದ್ದರಿಂದ ಗಾಲಿ ಇರುವ ಸ್ಟೂಲ್ ಮೇಲೆ ಕುಳಿತು, ಬಾಗಿಲು ತೆರೆಸಿ, ಸೀಟ್ ಬೆಲ್ಟ್ ಬಿಡಿಸಿ, ತೋಳನ್ನು ಭುಜದವರೆಗೆ ಪೂರ್ತಿ ನೋಡಿದ ಮೇಲೆಯೇ ತೋಳಿನ ಮೇಲ್ಭಾಗದ ಡೆಲ್ಟಾಯ್ಡ್ ಸ್ನಾಯುವಿಗೆ ಚುಚ್ಚುತ್ತಿದ್ದೆವು. ಲಾರಿಯವರನ್ನು ಕೆಳಗಿಳಿಸಿ ಕುರ್ಚಿಯಲ್ಲಿ ಕೂರಿಸುತ್ತಿದ್ದೆವು. ಬೈಕಿನಲ್ಲಿ ಬಂದವರನ್ನಂತೂ ಅದರ ಮೇಲೆ ಕುಳಿತಿರಲು ನಾನು ಬಿಡಲೇ ಇಲ್ಲ, ಏಕೆಂದರೆ ತಲೆಸುತ್ತಿದರೆ ಅವರಿಗೆ ಒರಗಲು ಏನೂ ಇರುವುದಿಲ್ಲ.

ವಾಹನವೇ ಇಲ್ಲದವರ ಬಗ್ಗೆ ನಾವು ಮೊದಲೇ ಯೋಚಿಸಬೇಕಿತ್ತು. ಕಸ ಗುಡಿಸುವ ಹೆಂಗಸರು ನಾಲ್ಕೈದು ಜನ ನಡೆದು ಬಂದು, ಕಾರುಗಳ ಸಾಲಿನ ಹಿಂದೆ ಬಿಸಿಲಿನಲ್ಲಿ ನಿಂತಿದ್ದುದನ್ನು ಕಂಡಾಗ ನನಗೆ ಬಹಳ ಸಂಕಟವಾಯಿತು. ಇಡೀ ಕೇಂದ್ರ ಅವರಂಥವರಿಗಾಗಿಯೇ ತೆರೆದದ್ದು. ಮಧ್ಯಾಹ್ನದ ಹೊತ್ತಿಗೆ ನೆರಳು, ಕುರ್ಚಿ, ಕುಡಿಯುವ ನೀರು ಇರುವ ಪ್ರತ್ಯೇಕ ಸಾಲು ಸಿದ್ಧವಾಯಿತು.

ನಮಗೆ ಬರುತ್ತಿದ್ದ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕಾದದ್ದು, ವಯಲ್ ಅಂದರೆ ಲಸಿಕೆಯ ಪುಟ್ಟ ಸೀಸೆ ಒಂದರಲ್ಲಿ ಹತ್ತು ಡೋಸ್. ಒಮ್ಮೆ ತೆರೆದ ವಯಲ್ ಅನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಆದ್ದರಿಂದ ಕೊನೆಯ ಒಂದು ಗಂಟೆಯಲ್ಲಿ, ಗೇಟಿನೊಳಗೆ ಎಷ್ಟು ಜನ ಉಳಿದಿದ್ದಾರೆಂದು ಎಣಿಸದೆ ಹೊಸ ವಯಲ್ ತೆರೆಯಬಾರದೆಂದು ಹೇಳಿದ್ದೆ. ಆದರೂ ಮೂರೋ ನಾಲ್ಕೋ ಡೋಸ್ ಉಳಿಯುತ್ತಿದ್ದವು. ಅದಕ್ಕಾಗಿ ಹದಿನೈದು ನಿಮಿಷದಲ್ಲಿ ಬರಬಲ್ಲವರ ಫೋನ್ ನಂಬರುಗಳ ಪಟ್ಟಿ ಇಟ್ಟುಕೊಂಡಿದ್ದೆವು. ಬೆಳಗಿನ ಪಾಳಿ ಮುಗಿದ ಬಸ್ ನಿರ್ವಾಹಕರ ಹೆಸರುಗಳೇ ಅದರಲ್ಲಿ ಹೆಚ್ಚಾಗಿದ್ದವು. ಕರೆ ಹೋದರೆ ಅವರು ಸಮವಸ್ತ್ರದಲ್ಲೇ ಬರುತ್ತಿದ್ದರು, ಮತ್ತು ಅವರ ಹದಿನೈದು ನಿಮಿಷ ಮುಗಿಯುವವರೆಗೆ ನಾವು ಗೇಟ್ ಮುಚ್ಚುತ್ತಿರಲಿಲ್ಲ.